ಗೆಳೆಯರ ಜೊತೆ ನೇಪಾಳಕ್ಕೆ, ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟಿದ್ದೇವೆ. ಮುಳ್ಳಯ್ಯನಗಿರಿ ಹತ್ತಿ ಅಭ್ಯಾಸ ಮಾಡಿದರೆ ಸಾಕಾ?

ಕಾಲಿಗೆ ಸಾಕು, ಉಸಿರಿಗೆ ಸಾಲದು. ನಮ್ಮ ಗಿರಿ ಸುಮಾರು 1,930 ಮೀಟರ್, ಬೇಸ್ ಕ್ಯಾಂಪ್ 5,364. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಜಿಮ್ ಹುಡುಗರಿಗೂ ತಲೆನೋವು, ವಾಂತಿ ಬರುತ್ತದೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ರಜೆ ಇಲ್ಲ ಅಂತ, ದಾರಿಯಲ್ಲಿ ಸಿಗುವ ನಾಮ್ಚೆ ಊರಿನಲ್ಲಿ ಮೈ ಎತ್ತರಕ್ಕೆ ಒಗ್ಗಲು ತಂಗುವ ಎರಡನೇ ರಾತ್ರಿ ಬಿಡಬೇಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಅಭ್ಯಾಸಕ್ಕೆ ಮುಳ್ಳಯ್ಯನಗಿರಿ ಹತ್ತುವ ಕಾಲುದಾರಿ ಸರ್ಪದಾರಿಯೇ ಒಳ್ಳೆಯದು, ಬೆನ್ನಿಗೆ ಚೀಲ ಹಾಕಿ, ಹೊಸ ಶೂನಲ್ಲೇ ಹತ್ತಿ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಬಡಿದರೆ ಶೂ ಚಿಕ್ಕದು ಅಂತ ಅರ್ಥ. ನನ್ನ ಉಗುರು ಕಪ್ಪಾಗಿದ್ದು ಹಾಗೇ.

ಗುಂಪಿನಲ್ಲಿ ತಲೆನೋವು ಮುಚ್ಚಿಡುವವನೊಬ್ಬ ಇದ್ದೇ ಇರ್ತಾನೆ, ಅಲ್ವಾ? ದಿನಾ ಸಂಜೆ ಕೇಳಿ. ಅವನ ನಡಿಗೆ ತಟ್ಟಾಡಿದರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಸಿ.