ಶಿಫಾರಸು ಪತ್ರ ಅಪ್‌ಲೋಡ್ ಆಗಿದೆ, ಪ್ರೋಗ್ರಾಂನವರಿಗೆ ಕಾಣುತ್ತಿಲ್ಲ

ಪ್ರೊಫೆಸರ್ ಪತ್ರ ಹಾಕಿ ಎರಡು ವಾರವಾದರೂ ಅಮೆರಿಕದ ರೆಸಿಡೆನ್ಸಿ (ಎಂಬಿಬಿಎಸ್ ನಂತರದ ವೈದ್ಯಕೀಯ ತರಬೇತಿ) ಪ್ರೋಗ್ರಾಂನವರು ಸಿಕ್ಕಿಲ್ಲ ಅನ್ನುತ್ತಿದ್ದಾರೆ ಅಂದರೆ, ಬಹುಮಟ್ಟಿಗೆ ನೀವದನ್ನು ಅಸೈನ್ ಮಾಡಿಲ್ಲ. ರೆಸಿಡೆನ್ಸಿ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಇರಾಸ್‌ಗೆ (ERAS) ಬಂದ ಪತ್ರ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಯಾವ ಪ್ರೋಗ್ರಾಂಗೆ ಯಾವ ಪತ್ರ ಅಂತ ನೀವೇ ಆರಿಸಬೇಕು.

ಮೊದಲು ಮೈಇರಾಸ್‌ನಲ್ಲಿ, ಅಂದರೆ ಇರಾಸ್‌ನ ನಿಮ್ಮ ಖಾತೆಯಲ್ಲಿ, ಆ ಪತ್ರದ ಸ್ಟೇಟಸ್ ನೋಡಿ. ಅಪ್‌ಲೋಡ್ ಆಗಿದೆ ಅಂತಿದ್ದರೆ ಪ್ರತಿ ಪ್ರೋಗ್ರಾಂಗೂ ಬೇರೆಬೇರೆಯಾಗಿ ಅಸೈನ್ ಮಾಡಿ. ಒಂದು ಪ್ರೋಗ್ರಾಂಗೆ 4 ಪತ್ರ, ಅದಕ್ಕಿಂತ ಹೆಚ್ಚಿಲ್ಲ. ಅರ್ಜಿ ಸಲ್ಲಿಸಿದ ಮೇಲೂ ಖಾಲಿ ಜಾಗಕ್ಕೆ ಹೊಸ ಪತ್ರ ಸೇರಿಸಬಹುದು, ಆದರೆ ಕಳಿಸಿದ್ದನ್ನು ವಾಪಸ್ ತೆಗೆಯಲಾಗದು. ಹಾಗಾಗಿ ಅಮೆರಿಕದಲ್ಲಿ ನಿಮ್ಮ ಕ್ಲಿನಿಕಲ್ ಕೆಲಸ ನೋಡಿದವರ ಪತ್ರ ಇನ್ನೂ ಬರುವುದಿದ್ದರೆ, ಇಲ್ಲಿನ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಕೊಟ್ಟ ಸಾಮಾನ್ಯ ಪತ್ರದಿಂದ ನಾಲ್ಕನೇ ಜಾಗ ತುಂಬಿಬಿಡಬೇಡಿ.

ಸ್ಟೇಟಸ್‌ನಲ್ಲಿ ಅಪ್‌ಲೋಡ್ ಅಂತ ಇಲ್ಲವೇ ಇಲ್ಲ ಅಂದರೆ ಕಥೆ ಬೇರೆ. ಬರೆಯುವವರ ಹೆಸರು ಸೇರಿಸಿ ಕನ್‌ಫರ್ಮ್ ಒತ್ತಿದ್ದೀರಾ ನೋಡಿ; ಒತ್ತದಿದ್ದರೆ ಆ ಪತ್ರವನ್ನು ಗುರುತಿಸುವ ಲೆಟರ್ ಐಡಿ ಹುಟ್ಟುವುದೇ ಇಲ್ಲ. ಐಡಿ ಇರುವ ರಿಕ್ವೆಸ್ಟ್ ಫಾರ್ಮನ್ನು ಪ್ರೊಫೆಸರ್‌ಗೆ ಮತ್ತೆ ಮೇಲ್ ಮಾಡಿ. ಅವರು, ಅಥವಾ ಅವರ ಪರವಾಗಿ ಆಫೀಸಿನವರು, ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪಿಡಿಎಫ್ ಅನ್ನು ಇರಾಸ್ ನಡೆಸುವ ಎಎಎಂಸಿಯ (ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ) ಪೋರ್ಟಲ್‌ಗೆ ಹಾಕಬೇಕು. ನಮ್ಮ ಕಡೆ "ನೀನೇ ಹಾಕ್ಕೊಳ್ಳಪ್ಪ" ಅಂತ ಪಾಸ್‌ವರ್ಡ್ ಕೊಟ್ಟುಬಿಡುವವರಿದ್ದಾರೆ, ಮುಟ್ಟಬೇಡಿ. ಪತ್ರ ನೋಡುವ ಹಕ್ಕು ಬಿಟ್ಟುಕೊಟ್ಟಿದ್ದರಂತೂ ಅದು ನಿಮ್ಮ ಕುತ್ತಿಗೆಗೇ ಬರುತ್ತದೆ.

ಒಬ್ಬರೇ ಇಂಟರ್ನಲ್ ಮೆಡಿಸಿನ್‌ಗೊಂದು, ಫ್ಯಾಮಿಲಿ ಮೆಡಿಸಿನ್‌ಗೊಂದು ಬರೆದುಕೊಡುತ್ತಿದ್ದರೆ ಎರಡು ಐಡಿ ಮಾಡಿ, ಅಸೈನ್ ಮಾಡುವಾಗ ಅದಲುಬದಲಾಗದಂತೆ ನೋಡಿಕೊಳ್ಳಿ.