ಮಗುವಿನ ಟಿಕ್ಸ್‌ಗೂ ತಟ್ಟೆಯ ಊಟಕ್ಕೂ ಸಂಬಂಧವಿದೆಯೇ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಹೋದ ವರ್ಷ ಹುತ್ತರಿಯ ಹೊತ್ತಿಗೆ ಒಂದೇ ಸಮನೆ ಕಣ್ಣು ಮಿಟುಕಿಸತೊಡಗಿದ. ಒಂದೂವರೆ ತಿಂಗಳಲ್ಲಿ ಅದು ತಾನಾಗಿಯೇ ನಿಂತಿತು. ಈಗ ಭುಜ ಕುಣಿಸುತ್ತಾನೆ, ಗಂಟಲಲ್ಲಿ ‘ಹ್ಞುಂ’ ಎಂದು ಸದ್ದು ಮಾಡುತ್ತಾನೆ. ಇದು ಟಿಕ್ಸ್ ಎಂದು ಮಕ್ಕಳ ವೈದ್ಯರು ಹೇಳಿದರು. ಒಗ್ಗದ ಆಹಾರದಿಂದ ಹೀಗಾಗುತ್ತದೆಂದು ಸಂಬಂಧಿಕರೊಬ್ಬರು ಹೇಳಿದ್ದರಿಂದ ಖಾಸಗಿ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹತ್ತೊಂಬತ್ತು ಆಹಾರಗಳ ಪಟ್ಟಿ ಬಂತು. ಒಂದು ತಿಂಗಳಿಂದ ಗೋಧಿ, ಹಾಲು, ಮೊಟ್ಟೆ ಕೊಟ್ಟಿಲ್ಲ. ಬೆಳಿಗ್ಗೆ ಅಜ್ಜನ ಜೊತೆ ಒಂದು ಲೋಟ ಬೆಲ್ಲದ ಕಾಫಿ ಮಾತ್ರ ಕುಡಿಯುತ್ತಾನೆ. ಮೊದಲ ಎರಡು ವಾರ ಕಡಿಮೆಯಾಗಿದ್ದದ್ದು ಈಗ ಮತ್ತೆ ಹೆಚ್ಚಾಗಿದೆ. ಮಗ ಸೊರಗಿದ್ದಾನೆ. ಇನ್ನು ಯಾವುದನ್ನು ಬಿಡಿಸಬೇಕು?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ತಾಯಿ, ಇನ್ನು ಯಾವ ಊಟವನ್ನೂ ಬಿಡಿಸಬೇಡಿ. ಹಾಲು, ಮೊಟ್ಟೆ, ಗೋಧಿ ತಿಂದಾಗ ಮಗನಿಗೆ ಹಿಂದೆಂದೂ ಮೈಮೇಲೆ ದದ್ದು, ತುಟಿ ಊತ, ಉಬ್ಬಸ, ವಾಂತಿ ಬಂದಿಲ್ಲವಾದರೆ ಮೂರನ್ನೂ ಈ ವಾರವೇ ತಟ್ಟೆಗೆ ಮರಳಿಸಿ. ಬಂದಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಿರಿ.

ಮೊದಲು ಆ ಪಟ್ಟಿಯ ಮಾತು. ಇಂತಹ ಪರೀಕ್ಷೆಗಳು ಸಾಮಾನ್ಯವಾಗಿ ರಕ್ತದಲ್ಲಿರುವ ಐಜಿಜಿ ಎಂಬ ಪ್ರತಿಕಾಯವನ್ನು ಅಳೆಯುತ್ತವೆ. ನಾವು ತಿಂದ ಆಹಾರವನ್ನು ದೇಹ ಗುರುತಿಸಿದೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು, ಆ ಆಹಾರ ಒಗ್ಗುವುದಿಲ್ಲ ಎಂಬುದಕ್ಕಲ್ಲ. ದಿನವೂ ಹಾಲು ಕುಡಿಯುವ, ಮೊಟ್ಟೆ ತಿನ್ನುವ ಮಗುವಿನ ಪಟ್ಟಿಯಲ್ಲಿ ಹಾಲು, ಮೊಟ್ಟೆ ಕಾಣಿಸಿಕೊಳ್ಳುವುದು ಸಹಜ. ಆಹಾರ ಒಗ್ಗದಿರುವುದನ್ನು ಪತ್ತೆಹಚ್ಚಲು ಈ ಪರೀಕ್ಷೆಯನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆ. ಬೆಳೆಯುವ ಮಕ್ಕಳ ತಟ್ಟೆಯಿಂದ ಪ್ರೋಟೀನು, ಕ್ಯಾಲ್ಸಿಯಂ ಕಸಿದುಕೊಳ್ಳುವ ಇಂತಹ ಪಟ್ಟಿಗಳನ್ನು ಹಿಡಿದು ಬರುವ ತಂದೆತಾಯಿಯರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರ ಕಾಳಜಿಯಲ್ಲಿ ಕೊರತೆ ಇರುವುದಿಲ್ಲ.

ಹಾಗಾದರೆ ಮೊದಲ ಎರಡು ವಾರ ಕಡಿಮೆಯಾದದ್ದು ಹೇಗೆ? ಟಿಕ್ಸ್‌ನ ಸ್ವಭಾವವೇ ಏರಿಳಿತ. ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೆ ಶುರುವಾಗಿ, ಕೆಲವು ವಾರ ಜೋರಾಗಿ, ಕೆಲವು ವಾರ ಮಾಯವಾಗಿ, ಕಣ್ಣಿನಿಂದ ಭುಜಕ್ಕೆ, ಭುಜದಿಂದ ಗಂಟಲಿಗೆ ಜಾಗ ಬದಲಿಸುತ್ತಾ ಸಾಗುವ ಈ ಚಲನೆಗಳು ಮಿದುಳಿನಲ್ಲಿ ಚಲನೆಯನ್ನು ಹದ್ದುಬಸ್ತಿನಲ್ಲಿಡುವ ನರಜಾಲಕ್ಕೆ ಸಂಬಂಧಿಸಿದವು, ಹುಡುಗರಲ್ಲಿ ಹೆಚ್ಚು. ದೀರ್ಘಕಾಲ ಉಳಿಯುವವರಲ್ಲಿ ಹತ್ತರಿಂದ ಹನ್ನೆರಡರ ಪ್ರಾಯದಲ್ಲಿ ತೀವ್ರವಾಗಿದ್ದು, ಹರೆಯ ಮುಗಿಯುವಷ್ಟರಲ್ಲಿ ಬಹುಪಾಲು ಮಂದಿಯಲ್ಲಿ ತಗ್ಗುತ್ತವೆ. ನಾವು ಪಥ್ಯ ಶುರುಮಾಡುವುದು ಅದು ಅತಿ ಹೆಚ್ಚಾಗಿ ಕಂಗೆಡಿಸಿದ ದಿನಗಳಲ್ಲಿ. ಕಕ್ಕಡ ತಿಂಗಳಲ್ಲಿ ಮಳೆ ವಿಪರೀತವಾದ ದಿನ ಹರಕೆ ಹೊತ್ತರೆ ಮುಂದಿನ ವಾರ ಮಳೆ ತಗ್ಗಿರುವುದು ಕಾಣುತ್ತದೆ, ಹರಕೆ ಹೊರದಿದ್ದರೂ ಅದು ತಗ್ಗುತ್ತಿತ್ತು. ಹಾಲು ಬಿಟ್ಟದ್ದರಿಂದ ಕಡಿಮೆಯಾಗಿದ್ದರೆ ಹಾಲು ಇಲ್ಲದೆಯೇ ಮರಳಿ ಏರಬೇಕಾಗಿರಲಿಲ್ಲ. ಹೋದ ವರ್ಷ ಯಾವ ಪಥ್ಯವೂ ಇಲ್ಲದೆ ಕಣ್ಣು ಮಿಟುಕುವುದು ನಿಂತಿತ್ತೆಂದು ನೀವೇ ಬರೆದಿದ್ದೀರಿ.

ಆಹಾರದ ಕುರಿತು ಸಂಶೋಧನೆಯೇ ಆಗಿಲ್ಲವೆಂದಲ್ಲ. ಸ್ಪೇನ್‌ನಲ್ಲಿ 29 ಮಂದಿ ಟುರೆಟ್ (ಚಲನೆಯ ಟಿಕ್ಸ್, ಸದ್ದಿನ ಟಿಕ್ಸ್ ಎರಡೂ ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವ ತೊಂದರೆ) ರೋಗಿಗಳು ಒಂದು ವರ್ಷ ಗ್ಲೂಟೆನ್ (ಗೋಧಿಯಂತಹ ಧಾನ್ಯಗಳಲ್ಲಿರುವ ಪ್ರೋಟೀನು) ಇಲ್ಲದ ಆಹಾರ ಸೇವಿಸಿ ಸುಧಾರಿಸಿದರೆಂಬ ವರದಿ 2018ರಲ್ಲಿ ಪ್ರಕಟವಾಯಿತು. ಆದರೆ ಪಥ್ಯ ಮಾಡದ ಇನ್ನೊಂದು ಗುಂಪನ್ನು ಇಟ್ಟುಕೊಂಡು ಹೋಲಿಸಿರಲಿಲ್ಲ. ತಾನಾಗಿ ಏರಿಳಿಯುವ ತೊಂದರೆಯಲ್ಲಿ ಹೋಲಿಕೆಯಿಲ್ಲದ ಸುಧಾರಣೆಗೆ ಹೆಚ್ಚು ಬೆಲೆ ಕಟ್ಟಲಾಗದು. ಕೃತಕ ಬಣ್ಣಗಳ ಬಗ್ಗೆ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಅಧ್ಯಯನ ಗಟ್ಟಿಯಾದದ್ದು. ಅದು ತೋರಿಸಿದ್ದು ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚುವುದನ್ನು, ಟಿಕ್ಸ್ ಅನ್ನಲ್ಲ. ಹಾಗಿದ್ದರೂ ಬಣ್ಣದ ಮಿಠಾಯಿ ತಪ್ಪಿದರೆ ಮಗುವಿಗೆ ಯಾವ ಪೋಷಕಾಂಶವೂ ತಪ್ಪುವುದಿಲ್ಲ. ಅದನ್ನು ನಿಲ್ಲಿಸಲು ನನ್ನ ಅಡ್ಡಿಯಿಲ್ಲ.

ನಾನು ನಿಲ್ಲಿಸಿ ಎನ್ನುವುದು ಅಜ್ಜನ ಜೊತೆಗಿನ ಕಾಫಿಯನ್ನು. ತೋಟದ ಮನೆಯಲ್ಲಿ ಈ ಮಾತು ಕಟುವಾಗಿ ಕೇಳಿಸೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು. ಮಕ್ಕಳಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ದಾಟಬಾರದೆಂಬ ಯುರೋಪಿನ ಲೆಕ್ಕವನ್ನು ಹಿಡಿದರೆ, 24 ಕಿಲೋ ತೂಗುವ ಮಗುವಿಗೆ 72 ಮಿಲಿಗ್ರಾಂ. ಒಂದು ಲೋಟದಲ್ಲೇ ಮಿತಿ ಮೀರಬಹುದು. ಕೆಫೀನ್‌ನಿಂದ ಟಿಕ್ಸ್ ಹೆಚ್ಚುತ್ತದೆಂದು ಹೇಳುವ ರೋಗಿಗಳಿದ್ದಾರೆ. ಅದಿರಲಿ, ನಿದ್ದೆ ಕೆಟ್ಟರೆ, ದಣಿದರೆ, ಆತಂಕವಾದರೆ ಟಿಕ್ಸ್ ಏರುವುದಂತೂ ಪದೇಪದೇ ಕಂಡದ್ದು. ಅಜ್ಜನ ಪಕ್ಕದ ಜಾಗ ಮಗುವಿಗೆ ಹಾಗೆಯೇ ಇರಲಿ, ಲೋಟದಲ್ಲಿ ಬಿಸಿ ಹಾಲಿರಲಿ.

ಇಷ್ಟಾದ ಮೇಲೂ ಯಾವುದೋ ಒಂದು ತಿನಿಸಿನ ಮೇಲೆ ನಿಮಗೆ ಅನುಮಾನ ಉಳಿದಿದ್ದರೆ ಅದೊಂದನ್ನೇ ಪರೀಕ್ಷಿಸಿ. ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಸಂಜೆ ಒಂದೇ ಹೊತ್ತಿಗೆ, ಮಗನಿಗೆ ತಿಳಿಯದಂತೆ, ಹತ್ತು ನಿಮಿಷದಲ್ಲಿ ಎಷ್ಟು ಬಾರಿ ಭುಜ ಕುಣಿಯಿತು, ಎಷ್ಟು ಬಾರಿ ಸದ್ದು ಬಂತು ಎಂದು ಗೆರೆ ಎಳೆಯಿರಿ. ಹಿಂದಿನ ರಾತ್ರಿಯ ನಿದ್ದೆ, ಜ್ವರ, ಶಾಲೆಯ ಪರೀಕ್ಷೆಯನ್ನೂ ಪಕ್ಕದಲ್ಲೇ ಬರೆಯಿರಿ. ಮೂರು ವಾರ ಎಂದಿನಂತೆ, ಮೂರು ವಾರ ಆ ತಿನಿಸಿಲ್ಲದೆ, ಮತ್ತೆ ಮೂರು ವಾರ ಅದರ ಜೊತೆ. ಗೆರೆ ಎಳೆಯುವ ಕೆಲಸ ಊಟ ಬಡಿಸದವರದಾಗಿದ್ದರೆ ಇನ್ನೂ ಒಳ್ಳೆಯದು. ಗೋಧಿಯ ಮೇಲೆಯೇ ಅನುಮಾನವೆಂದರೆ, ಹೊಟ್ಟೆನೋವು, ಬೇಧಿ, ತೂಕ ಏರದಿರುವುದು ಇದ್ದಲ್ಲಿ ಮೊದಲು ಸೀಲಿಯಾಕ್ ಕಾಯಿಲೆಯ (ಗ್ಲೂಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ತೊಂದರೆ) ರಕ್ತ ಪರೀಕ್ಷೆ ಆಗಬೇಕು, ಅದೂ ಗೋಧಿ ತಿನ್ನುತ್ತಿರುವಾಗಲೇ, ಇಲ್ಲದಿದ್ದರೆ ಫಲಿತಾಂಶ ತಪ್ಪಾಗಬಹುದು. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟಿನ ನಾಡಿನಲ್ಲಿ ಗೋಧಿಯಿಲ್ಲದ ಮೂರು ವಾರ ಕಷ್ಟವೇನಲ್ಲ; ಬೇಕರಿಯ ಬನ್ನು, ಬಿಸ್ಕತ್ತುಗಳನ್ನು ಮಾತ್ರ ಮರೆಯಬೇಡಿ.

ಇನ್ನೊಂದು ಮಾತು. ಕಣ್ಣುಜ್ಜುತ್ತಾ ಮಿಟುಕಿಸುವ, ಮೂಗು ಸೋರುವ, ಬೆಳಿಗ್ಗೆ ಸೀನುವ ಮಗುವಿಗೆ ಟಿಕ್ಸ್ ಅಲ್ಲದೆ ಕಣ್ಣಿನ ಅಥವಾ ಮೂಗಿನ ಅಲರ್ಜಿಯೂ ಇರಬಹುದು. ಮಳೆಗಾಲದ ಗೋಡೆಯ ಬೂಷ್ಟು, ಬಿಸಿಲು ಕಾಣದ ಕಂಬಳಿ ಅದಕ್ಕೆ ಕಾರಣವಾಗುವುದು ಇಲ್ಲಿ ಹೊಸತಲ್ಲ. ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ.

ಚಿಕಿತ್ಸೆ ಬೇಕಾದಷ್ಟು ತೊಂದರೆಯಾದರೆ ಮೊದಲ ದಾರಿ ವರ್ತನಾ ತರಬೇತಿ. ಟಿಕ್ಸ್ ಬರುವ ಮುನ್ನ ಸೀನು ಬರುವಂತಹ ಒತ್ತಡವೊಂದು ಏಳುತ್ತದೆ. ಅದನ್ನು ಗುರುತಿಸಿ ಬದಲಿ ಚಲನೆಯೊಂದನ್ನು ಮಾಡಲು ಮಗುವಿಗೆ ಕಲಿಸುತ್ತಾರೆ. ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ ಶೇ 52.5ರಷ್ಟು ಮಕ್ಕಳು ಸುಧಾರಿಸಿದರೆ, ಕೇವಲ ತಿಳಿವಳಿಕೆ, ಬೆಂಬಲ ಪಡೆದವರಲ್ಲಿ ಶೇ 18.5. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬೇಕಾದರೆ ನಿಮ್ಹಾನ್ಸ್‌ಗೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಮಗು ಪ್ರಜ್ಞೆ ತಪ್ಪಿದಂತೆ ದಿಟ್ಟಿಸಿದರೆ, ನಡಿಗೆ ತಡವರಿಸಿದರೆ, ಗಂಟಲುನೋವು, ಜ್ವರ ಬಂದುಹೋದ ನಂತರ ಕೈಕಾಲು ತಾನಾಗಿ ಆಡತೊಡಗಿದರೆ ನೋಟ್‌ಬುಕ್ಕಿಗಾಗಿ ಕಾಯದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನನ್ನ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಗಂಟಲು ಕೆರೆಯುವ ಸದ್ದು ಮಾಡುತ್ತಾಳೆ. ಬೇಡವೆಂದರೆ ಇನ್ನೂ ಹೆಚ್ಚಾಗುತ್ತದೆ. ಏನು ಮಾಡಲಿ?
– ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಬೇಡವೆನ್ನುವುದನ್ನು ಬಿಡಿ, ಮೇಡಂ. ಅವಳು ಬೇಕೆಂದು ಮಾಡುತ್ತಿಲ್ಲ. ಗಮನ ಸೆಳೆದಷ್ಟೂ ಅದು ಹೆಚ್ಚುತ್ತದೆ. ತಾಯಿತಂದೆಯರೊಡನೆ ಮಾತಾಡಿ, ಅವಳ ಒಪ್ಪಿಗೆ ಪಡೆದು, ಅವಳಿಲ್ಲದ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ‘ಇದು ಸೀನಿನ ಹಾಗೆ, ತಡೆಯಲಾಗದು, ಅಂಟುವುದೂ ಇಲ್ಲ’ ಎಂದು ತಿಳಿಸಿ. ಒತ್ತಡ ಹೆಚ್ಚಾದಾಗ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿಬರಲು ಅವಳಿಗೊಂದು ಸನ್ನೆ ಗೊತ್ತುಮಾಡಿಕೊಡಿ, ಓದಿಸುವ ಸರದಿಯಲ್ಲಿ ಅವಳ ಹೆಸರನ್ನು ಬಿಟ್ಟುಬಿಡಬೇಡಿ.