ಬಡ್ಡಿ ಫ್ರಾಂಕ್ಲಿನ್ ಮತ್ತು ನಿಮ್ಮ ಒಂಟಿ ಶೂ

ಪ್ರಿಯರೇ,

ನಮಸ್ಕಾರ. ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್ ಬಗ್ಗೆ ಸಿಡ್ನಿಯಿಂದ ನೀವು ಕಳಿಸಿದ ಲೇಖನ ‘ಗೋಲುಗಳ ಸರದಾರ’ ತಲುಪಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ‘ಸ್ಥಳಾವಕಾಶ ಇಲ್ಲದ ಕಾರಣ’ ಎಂಬ ನಮ್ಮ ಕಚೇರಿಯ ಹಳೇ ಸುಳ್ಳನ್ನು ನಿಮಗೂ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಹತ್ತಿರ ಒಂದು ಒಳ್ಳೆಯ ಲೇಖನ ಇದೆ, ಅದನ್ನು ನೀವು ಕಳಿಸಿಲ್ಲ. ಅದಕ್ಕೇ ಈ ಉದ್ದ ಕಾಗದ. ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ಮೊದಲು ಹೆಸರಿನ ವಿಷಯ. ಲ್ಯಾನ್ಸ್ ಫ್ರಾಂಕ್ಲಿನ್‌ನನ್ನು ಆಸ್ಟ್ರೇಲಿಯಾದಲ್ಲಿ ಎಲ್ಲರೂ ‘ಬಡ್ಡಿ’ ಅನ್ನುತ್ತಾರೆ. ನೀವೂ ಉದ್ದಕ್ಕೂ ಬಡ್ಡಿ, ಬಡ್ಡಿ ಎಂದೇ ಬರೆದಿದ್ದೀರಿ. ಸಾಲ ಮಾಡಿ ಮನೆ ಕಟ್ಟಿಸಿದ ನಮ್ಮ ಓದುಗನಿಗೆ ಆ ಪದ ಕಂಡರೆ ನೆನಪಾಗುವುದು ಬ್ಯಾಂಕು. ‘2013ರ ಕೊನೆಗೆ ಬಡ್ಡಿ ಸಿಡ್ನಿಗೆ ಹೋದ’ ಎಂಬಲ್ಲಿ ನಮ್ಮ ಕರಡು ತಿದ್ದುವವರು ‘ಹೋಯಿತು’ ಎಂದು ತಿದ್ದಿಟ್ಟಿದ್ದರು! ಆ ತಮಾಷೆಯನ್ನು ನೀವೇ ಒಂದು ಸಲ ಮಾಡಿ ಮುಗಿಸಿ, ಮುಂದೆ ಫ್ರಾಂಕ್ಲಿನ್ ಎಂದೇ ಬರೆಯಿರಿ.

ಎರಡನೆಯದು ಲೆಕ್ಕ. ‘2012ರಲ್ಲಿ ಲಾನ್ಸೆಸ್ಟನ್‌ನಲ್ಲಿ ನಾರ್ತ್ ಮೆಲ್ಬರ್ನ್ ವಿರುದ್ಧ 13.4 ಬಾರಿಸಿದರು’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ನಮ್ಮವರು ಇದನ್ನು ಹದಿಮೂರು ಓವರ್ ನಾಲ್ಕು ಬಾಲ್ ಎಂದು ಓದುತ್ತಾರೆ. ನಾಲ್ಕು ಕಂಬಗಳ ಚಿತ್ರವನ್ನು ಕಣ್ಣಿಗೆ ಕಟ್ಟಿಕೊಡಿ: ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ, ಪಕ್ಕದ ಗಿಡ್ಡ ಕಂಬದ ಸಂದಿನಲ್ಲಿ ಹೋದರೆ ‘ಬಿಹೈಂಡ್’, 1 ಅಂಕ. 13 ಗೋಲು, 4 ಬಿಹೈಂಡ್, ಒಟ್ಟು 82. ಗುರಿ ತಪ್ಪಿದರೂ ಒಂದು ಅಂಕ ಕೈಗೆ ಹಾಕಿ ಕಳಿಸುವ ಆಟ ಇದು. ಗೋಲು ಅಂಪೈರ್ ಎರಡು ಬಾವುಟ ಬೀಸಿದರೆ ಒಂದು ಥರದ ಕೂಗು, ಒಂದೇ ಬಾವುಟ ಬೀಸಿದರೆ ಇನ್ನೊಂದು ಥರದ ಕೂಗು. ಹತ್ತು ವರ್ಷದಿಂದ ಅಲ್ಲಿದ್ದೀರಿ, ಆ ಎರಡು ಕೂಗೂ ನಿಮ್ಮ ಕಿವಿಯಲ್ಲಿರಬೇಕು. ಲೇಖನದಲ್ಲಿ ಮಾತ್ರ ಕೇಳಿಸುವುದಿಲ್ಲ. (ಬಿಹೈಂಡ್ ಅನ್ನು ಒಂದು ಕಡೆ ‘ಹಿಂದೆ’ ಎಂದು ಅನುವಾದಿಸಿದ್ದೀರಿ: ‘ನಾಲ್ಕು ಹಿಂದೆ ಹೊಡೆದರು’. ದಯವಿಟ್ಟು ಬೇಡ.)

ಇನ್ನು ನಿಮ್ಮ ಮೂರನೇ ಪ್ಯಾರಾದ ‘ಅಲ್ಲಿಂದ ಅವರು ಮತ್ತೆ ಹಿಂತಿರುಗಿ ನೋಡಲೇ ಇಲ್ಲ’. ಈ ವಾಕ್ಯ ನಮ್ಮ ಕಚೇರಿಗೆ ವಾರಕ್ಕೆ ನಾಲ್ಕು ಸಲ ಬರುತ್ತದೆ. ನಟರು, ಉದ್ಯಮಿಗಳು, ಕೃಷಿಕರು ಯಾರೂ ಹಿಂತಿರುಗಿ ನೋಡಿದವರಲ್ಲ. ಆದರೆ ಫಾರ್ವರ್ಡ್ ಆಟಗಾರನ ಬಗ್ಗೆ ಹಾಗೆ ಬರೆಯುವಂತಿಲ್ಲ ಮಾರಾಯರೇ. ಅವನ ಮುಖ ಚೆಂಡು ಬರುವ ಕಡೆಗೆ, ಗೋಲು ಬೆನ್ನ ಹಿಂದೆ. ಮೈಗಂಟಿಕೊಂಡ ಡಿಫೆಂಡರ್‌ನಿಂದ ಬಿಡಿಸಿಕೊಂಡು ಮುಂದೆ ಓಡಿ, ಹಾರಿ, ದೂರದಿಂದ ಒದ್ದ ಚೆಂಡನ್ನು ಅದು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಆಮೇಲೆ ಯಾರೂ ಮುಟ್ಟುವಂತಿಲ್ಲ. ನಿಧಾನ ಹಿಂದೆ ಸರಿದು, ತಿರುಗಿ, ಗುರಿಯಿಟ್ಟು ಒದೆಯಬಹುದು. ಹಿಂತಿರುಗಿ ನೋಡುವುದೇ ಅವನ ಉದ್ಯೋಗ!

ಆ ಕ್ಷಣವನ್ನೇ ಹಿಡಿಯಿರಿ. ಚೆಂಡು ಕೈಗೆ ಬಂದ ಜಾಗ ಮತ್ತು ಗೋಲಿನ ನಡುವಿನ ನೇರ ಗೆರೆಯ ಮೇಲೇ ಓಡಿಬಂದು ಒದೆಯಬೇಕು, ಗೆರೆ ಬಿಟ್ಟರೆ ಅಂಪೈರ್ ‘ಪ್ಲೇ ಆನ್’ ಎಂದು ಕೂಗುತ್ತಾನೆ, ಎದುರಾಳಿ ಮೇಲೆ ಬೀಳುತ್ತಾನೆ. ಆದರೆ ಎಡಗಾಲಿನ ಫ್ರಾಂಕ್ಲಿನ್‌ಗೆ ನೇರ ಓಡಲು ಬಾರದು. ಎಡಕ್ಕೆ ಬಾಗಿ ಕುಡುಗೋಲಿನ ಹಾಗೆ ಬಳಸಿಕೊಂಡು ಬರುತ್ತಾನೆ. ಅದು ಅವನ ಸಹಜ ನಡಿಗೆ ಎಂದು ಅಂಪೈರುಗಳು ಬಿಟ್ಟುಕೊಟ್ಟರು. ಎದುರು ತಂಡದ ಅಭಿಮಾನಿಗಳು ಹದಿನೆಂಟು ವರ್ಷ ಗೊಣಗಿದರು. ಇದು ನಿಮ್ಮ ಲೇಖನದಲ್ಲಿ ಒಂದೇ ಒಂದು ಸಾಲು, ಅದೂ ಆವರಣದಲ್ಲಿ. ‘ದಂತಕಥೆ’ ಮಾತ್ರ ಒಂಬತ್ತು ಸಲ ಇದೆ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸಾವಿರ ಗೋಲು ಮುಟ್ಟಿದ ಮೊದಲಿಗ ಅವನಲ್ಲ, ಆರನೆಯವನು. ಟೋನಿ ಲಾಕೆಟ್ 1360 ಹೊಡೆದಿದ್ದಾನೆ. 1937ರಲ್ಲಿ ಆಟ ನಿಲ್ಲಿಸಿದ ಗಾರ್ಡನ್ ಕವೆಂಟ್ರಿಯ 1299ರ ದಾಖಲೆಯನ್ನು ಅವನು ಮುರಿದದ್ದು 1999ರಲ್ಲಿ. ಫ್ರಾಂಕ್ಲಿನ್ 354 ಪಂದ್ಯಗಳಲ್ಲಿ 1066ಕ್ಕೆ ನಿಂತ. ಆರನೆಯವನು ಎಂದರೆ ಕಡಿಮೆಯಾಗುವುದಿಲ್ಲ, ‘ಮೊದಲಿಗ’ ಎಂಬ ತಪ್ಪು ಅಚ್ಚಾದರೆ ಕಡಿಮೆಯಾಗುತ್ತದೆ, ನನ್ನದೂ ನಿಮ್ಮದೂ ಮರ್ಯಾದೆ.

ಈಗ ಮುಖ್ಯ ಮಾತು. ನೀವು ಬರೆದದ್ದು ಸನ್ಮಾನ ಪತ್ರ. ಪಶ್ಚಿಮ ಆಸ್ಟ್ರೇಲಿಯಾದ ಡವೆರಿನ್ ಎಂಬ ಗೋಧಿ ಬೆಳೆಯುವ ಪುಟ್ಟ ಊರಿನ, ಅಲ್ಲಿನ ನೂಂಗಾರ್ ಮೂಲನಿವಾಸಿ ತಾಯಿಯ ಮಗ, 2004ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಏರ್ಪಾಟು) ಐದನೆಯವನಾಗಿ ಹಾಥಾರ್ನ್ ತಂಡ ಸೇರಿದ, 2008ರಲ್ಲಿ ಒಂದೇ ಸೀಸನ್‌ಗೆ 113 ಗೋಲು, ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಕೋಲ್‌ಮನ್ ಪದಕ ನಾಲ್ಕು ಸಲ... ಎಲ್ಲ ಸರಿ. ಆದರೆ ಸೋಲುಗಳನ್ನೆಲ್ಲ ಗುಡಿಸಿ ಮೂಲೆಗೆ ಹಾಕಿದ್ದೀರಿ. ಅಲ್ಲೇ ಕಥೆ ಇರುವುದು. ನೋಡಿ: 2012ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಕಪ್ ನಿರ್ಧರಿಸುವ ಕೊನೆಯ ಪಂದ್ಯದಲ್ಲಿ, ಸಿಡ್ನಿ ಸ್ವಾನ್ಸ್ ಅವನ ತಂಡವನ್ನು 10 ಅಂಕದಿಂದ ಸೋಲಿಸಿತು. ಮರುವರ್ಷ ಹಾಥಾರ್ನ್ ಗೆದ್ದಿತು, ಅವನು ಗೆದ್ದ ತಂಡ ಬಿಟ್ಟು ತನ್ನನ್ನು ಸೋಲಿಸಿದ್ದ ತಂಡಕ್ಕೇ ಹೋದ. ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಒಪ್ಪಂದ. ಆಗ ಅವನಿಗೆ ಇಪ್ಪತ್ತಾರು. ಮೂವತ್ತೈದರವರೆಗೆ ಈ ಕಾಲು ತಡೆದೀತೇ ಎಂದು ಕೇಳದವರಿಲ್ಲ. 2014ರ ಫೈನಲ್‌ನಲ್ಲಿ ಎದುರಿಗೆ ಬಂದದ್ದು ಹಾಥಾರ್ನ್. ಅವನು ನಾಲ್ಕು ಗೋಲು ಹೊಡೆದ. ತಂಡ 63 ಅಂಕದಿಂದ ಸೋತಿತು. 2016ರಲ್ಲಿ ಮತ್ತೆ ಫೈನಲ್, ಸೋಲು. 2022ರಲ್ಲಿ ಮತ್ತೆ ಫೈನಲ್, 81 ಅಂಕದ ಸೋಲು. ಯಾವ ಕಪ್ಪಿಗೆಂದು ಕರೆಸಿಕೊಂಡರೋ ಆ ಕಪ್ಪು ಸಿಡ್ನಿಗೆ ಬರಲೇ ಇಲ್ಲ.

ಅಸಲು ಬಂತೇ, ಬಡ್ಡಿ ಬಂತೇ? ಆ ‘ಬಡ್ಡಿ’ ಹೆಸರಿನ ತಮಾಷೆಗೆ ಜಾಗ ಇಲ್ಲಿದೆ.

2015ರ ಬಗ್ಗೆ ‘ಅನಾರೋಗ್ಯದ ನಿಮಿತ್ತ ಕೆಲವು ಪಂದ್ಯ ಆಡಲಿಲ್ಲ’ ಎಂದು ದಾಟಿಸಿದ್ದೀರಿ. ಫೈನಲ್ಸ್ (ಸೀಸನ್ ಕೊನೆಯ ನಿರ್ಣಾಯಕ ಪಂದ್ಯಗಳು) ಶುರುವಾಗುವ ಹೊತ್ತಿಗೆ, ಮಾನಸಿಕ ಆರೋಗ್ಯ ಸರಿಯಿಲ್ಲವೆಂದು ಅವನು ಆಟದಿಂದ ಹಿಂದೆ ಸರಿದದ್ದು, ಕ್ಲಬ್ಬು ಅದನ್ನು ಮುಚ್ಚಿಡದೆ ಹೇಳಿದ್ದು. ಅದನ್ನು ನೀವು ‘ಅನಾರೋಗ್ಯ’ ಮಾಡಿದ್ದು ಗೌರವಕ್ಕೆ ಎಂದು ಗೊತ್ತು. ನಮ್ಮ ಮನೆಗಳಲ್ಲೂ ಹೀಗೇ ಹೇಳುತ್ತೇವೆ, ‘ಸ್ವಲ್ಪ ಹುಷಾರಿಲ್ಲ’. ಇದ್ದದ್ದನ್ನು ಇದ್ದ ಹಾಗೆ ಎರಡೇ ವಾಕ್ಯದಲ್ಲಿ ಬರೆಯಿರಿ, ಅನುಕಂಪದ ಒಗ್ಗರಣೆ ಬೇಡ. ಗಾಯದಿಂದಾಗಿ 2020ರಲ್ಲಿ ಅವನು ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದು ನಿಮ್ಮಲ್ಲಿ ಇಲ್ಲವೇ ಇಲ್ಲ. 2023ರ ಜುಲೈಯಲ್ಲಿ ಎಸೆಂಡನ್ ವಿರುದ್ಧ ಮೀನಖಂಡ ಹಿಡಿದುಕೊಂಡು ಹೊರನಡೆದ, ಎರಡು ದಿನಕ್ಕೆ ನಿವೃತ್ತಿ. ನೀವು ಅದಕ್ಕೆ ‘ಭಾವಪೂರ್ಣ ವಿದಾಯ ಪಂದ್ಯ’ ಎಂದಿದ್ದೀರಿ. ವಿದಾಯದ ಪಂದ್ಯ ಎಲ್ಲಿತ್ತು?

ಕೊನೆಗೆ ನಿಮ್ಮ ಇಮೇಲ್‌ಗೆ ಬರುತ್ತೇನೆ. ಲೇಖನದ ಜೊತೆ ನಾಲ್ಕು ಸಾಲು ಬರೆದಿದ್ದಿರಿ: 2022ರ ಮಾರ್ಚ್ 25ರ ರಾತ್ರಿ ಸಿಡ್ನಿ ಕ್ರಿಕೆಟ್ ಗ್ರೌಂಡ್‌ನಲ್ಲಿದ್ದೆ, ಜೀಲಾಂಗ್ ವಿರುದ್ಧ ಕೊನೇ ಕ್ವಾರ್ಟರ್‌ನಲ್ಲಿ ಸಾವಿರದ ಗೋಲು ಬಿತ್ತು, ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು, ನಾನೂ ಹಾರಿದೆ, ಒಂದು ಶೂ ಅಲ್ಲೇ ಹೋಯಿತು, ಇನ್ನೊಂದರಲ್ಲೇ ಕುಂಟುತ್ತ ಲೈಟ್ ರೈಲ್ ಹತ್ತಿದೆ, ಮನೆಯಲ್ಲಿ ಬೈಸಿಕೊಂಡೆ. ಲೇಖನದಲ್ಲಿ ಅದೇ ರಾತ್ರಿ ಹೀಗಿದೆ: ‘ಅಭಿಮಾನಿಗಳು ಸಂಭ್ರಮದ ಕಡಲಲ್ಲಿ ತೇಲಿದರು’. ತೇಲಿದವರು ಯಾರು, ಶೂ ಕಳೆದುಕೊಂಡವರು ಯಾರು ಸ್ವಾಮಿ? ಅರ್ಧ ಗಂಟೆ ಆಟ ನಿಂತಿತ್ತಲ್ಲ, ಆ ಅರ್ಧ ಗಂಟೆ ನೀವು ಹುಲ್ಲಿನ ಮೇಲೆ ಒಂಟಿ ಶೂನಲ್ಲಿ ನಿಂತು ಏನು ನೋಡಿದಿರಿ? ಫ್ರಾಂಕ್ಲಿನ್ ಕಂಡನೇ, ಬರೀ ಬೆನ್ನುಗಳು ಕಂಡವೇ? ಪಕ್ಕದವರು ಏನಂದರು? ಅಲ್ಲಿಂದ ಶುರುಮಾಡಿ. ಹುಟ್ಟಿದ ತಾರೀಖು, ಪದಕ, ಕಂಬ, ಲೆಕ್ಕ ಎಲ್ಲ ಬೇಕಾದಾಗ ತಾವಾಗಿ ಬಂದು ಸೇರಿಕೊಳ್ಳುತ್ತವೆ.

ಸಾವಿರದಿನ್ನೂರು ಪದ ಮೀರುವುದು ಬೇಡ. ‘ಸರದಾರ’ ಶೀರ್ಷಿಕೆ ಕೈಬಿಡಿ. ಇನ್ನೊಂದು: ಎಡಗಾಲಿನ ಆಟಗಾರನಿಗೋಸ್ಕರ ನೀವು ಕಳೆದುಕೊಂಡದ್ದು ಎಡಗಾಲಿನ ಶೂವೋ ಬಲಗಾಲಿನದೋ, ಅದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ